ನೆರೆಮಾತು ಕೇಳಿ ಬೆಳೆದ ಮಿದುಳು



ಈ ಉಪನ್ಯಾಸದ ದತ್ತಿ ಇಟ್ಟವರು ತಮ್ಮ ಹೆಸರನ್ನು ವೇದಿಕೆಯ ಮೇಲೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಇದು ಅವರ ತಾಯಿಯ ನೆನಪಿನ ದತ್ತಿ ಎಂದಷ್ಟೇ ಹೇಳುತ್ತೇನೆ. ಆ ತಾಯಿಗೆ ಓದು ಬರಹ ಬರುತ್ತಿರಲಿಲ್ಲ, ನಾಲ್ಕು ಭಾಷೆ ಬರುತ್ತಿದ್ದವು. ಇವತ್ತಿನ ವಿಷಯವನ್ನು ಆರಿಸಿಕೊಳ್ಳಲು ನನಗೆ ಅಷ್ಟು ಸಾಕಾಯಿತು.

ಇಲ್ಲಿಗೆ ಮೆಟ್ರೋದಲ್ಲಿ ಬಂದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ತೆರೆದ ಮೇಲೆ ನಿಮ್ಮ ಗರುಡಾಚಾರ್‌ಪಾಳ್ಯದ ಹೆಸರು ದಿನಕ್ಕೆ ನೂರಾರು ಸಲ ಧ್ವನಿವರ್ಧಕದಲ್ಲಿ ಮೊಳಗುತ್ತದೆ. ಡಬ್ಬಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗ ಉತ್ತರದ ಕಡೆಯವನು. ಫೋನಿನಲ್ಲಿ ತಾನು ಇಳಿಯುವ ನಿಲ್ದಾಣದ ಹೆಸರು ಹೇಳುತ್ತಿದ್ದ: ‘ಕುಂದಲಹಲ್ಲಿ’. ಎದುರಿನ ಸೀಟಿನಲ್ಲಿದ್ದ ಹೆಂಗಸು ನಕ್ಕರು. ‘ಹಲ್ಲಿಯಂತೆ! ಗೋಡೆ ಮೇಲೆ ಲೊಚಗುಟ್ಟುತ್ತಲ್ಲ, ಅದು’ ಅಂದರು. ಅವರ ಜೊತೆಗಿದ್ದವರು ನಗಲಿಲ್ಲ. ‘ಇಷ್ಟು ವರ್ಷ ಇಲ್ಲೇ ಇದ್ದು ಊರ ಹೆಸರು ಸರಿಯಾಗಿ ಹೇಳಲ್ಲ ಅಂದ್ರೆ ಸೊಕ್ಕು ಕಣಕ್ಕ’ ಅಂದರು.

ಅದು ಸೊಕ್ಕೋ, ಕಿವಿಯೋ? ಮೂರು ದಶಕ ಮನಶ್ಶಾಸ್ತ್ರ ಪಾಠ ಹೇಳಿದವಳು ನಾನು. ಕೇಳಿಸಿಕೊಂಡು ಸುಮ್ಮನೆ ಇಳಿದುಬಂದೆ. ಅಲ್ಲಿ ಹೇಳಬೇಕಾಗಿದ್ದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಒಂದು ಮಿದುಳು ಸಂಗ್ರಹಾಲಯ ಇದೆ. ನಿಮ್ಮಲ್ಲಿ ಕೆಲವರು ಶಾಲಾ ಪ್ರವಾಸದಲ್ಲಿ ನೋಡಿರಬಹುದು. ಅಲ್ಲಿ ಕೈಗವಸು ಹಾಕಿಕೊಂಡು ನಿಜವಾದ ಮಿದುಳನ್ನು ಮುಟ್ಟಿ ನೋಡಬಹುದು. ಒಂದೂಕಾಲು, ಒಂದೂವರೆ ಕಿಲೋ ನಡುವಿನ ತೂಕ. ಒಳಗೆ ಸುಮಾರು 8,600 ಕೋಟಿ ನರಕೋಶಗಳು. ಎಡ ಹಣೆಯ ಹಿಂದಿನ ಭಾಗ ಪಾಲ್ ಬ್ರೋಕಾ ಗುರುತಿಸಿದ್ದು. 1861ರಲ್ಲಿ ಪ್ಯಾರಿಸ್ಸಿನಲ್ಲಿ ‘ಟಾನ್’ ಎಂಬ ಒಂದೇ ಸದ್ದು ಉಳಿದಿದ್ದ ರೋಗಿಯ ಮಿದುಳನ್ನು ಅವನು ತೀರಿಕೊಂಡ ಮೇಲೆ ಪರೀಕ್ಷಿಸಿ, ಮಾತು ಹೊರಡಿಸುವ ಕೆಲಸಕ್ಕೂ ಈ ಜಾಗಕ್ಕೂ ಸಂಬಂಧವಿದೆ ಎಂದು ಬ್ರೋಕಾ ಹೇಳಿದ. ಕಿವಿಯ ಮೇಲ್ಗಡೆಯಿಂದ ಹಿಂದಕ್ಕೆ ಸಾಗುವ ಭಾಗವನ್ನು 1874ರಲ್ಲಿ ಕಾರ್ಲ್ ವೆರ್ನಿಕೆ ಅರ್ಥ ಗ್ರಹಿಸುವ ಕೆಲಸಕ್ಕೆ ಜೋಡಿಸಿದ. ಇವೆಲ್ಲ ಬೆರಳಿಟ್ಟು ತೋರಿಸಬಹುದಾದ ಜಾಗಗಳು. ಆದರೆ ಆ ಮಿದುಳನ್ನು ಎಷ್ಟು ಹೊತ್ತು ತಿರುಗಿಸಿ ನೋಡಿದರೂ ಅದರ ಒಡೆಯರು ಕನ್ನಡ ಆಡುತ್ತಿದ್ದರೋ ತುಳು ಆಡುತ್ತಿದ್ದರೋ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಬಹಳ ಹೊತ್ತು ಕಾಡಿದ್ದು ಇದೇ. ಭಾಷೆ ಆ ಮಿದುಳಿಗೆ ಹೊರಗಿನಿಂದ, ಬೇರೆಯವರ ಬಾಯಿಂದ ಬಂದದ್ದು. ಹೇಗೆ ಬಂತು, ಬಂದು ಏನು ಮಾಡಿತು ಎಂಬುದನ್ನು ಕೇಳುವ ವಿಜ್ಞಾನಕ್ಕೆ ಅರಿವಿನ ನರವಿಜ್ಞಾನ ಎಂದು ಹೆಸರು.

ಹಳ್ಳಿ ಮತ್ತು ಹಲ್ಲಿಗೆ ಬರೋಣ. 1984ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಪ್ರಯೋಗ ಪ್ರಕಟಿಸಿದರು. ಅವರು ಆರಿಸಿಕೊಂಡ ಧ್ವನಿಗಳು ನಮ್ಮವೇ: ಹಲ್ಲಿಗೆ ನಾಲಿಗೆ ತಾಕಿಸುವ ತಕಾರ, ನಾಲಿಗೆ ಮಡಿಸುವ ಟಕಾರ. ಹಿಂದಿಯಿಂದ ತೆಗೆದುಕೊಂಡಿದ್ದರು. ಇಂಗ್ಲಿಷ್ ಆಡುವವರ ಕಿವಿಗೆ ಇವೆರಡೂ ಒಂದೇ. ಕಂದಮ್ಮಗಳನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ ‘ತ ತ ತ’ ಎಂದು ಕೇಳಿಸುತ್ತಾ ನಡುವೆ ಒಮ್ಮೆ ‘ಟ’ ಎನ್ನಿಸುತ್ತಾರೆ. ಧ್ವನಿ ಬದಲಾದದ್ದು ತಿಳಿದು ಮಗು ಕತ್ತು ತಿರುಗಿಸಿದರೆ ಪಕ್ಕದ ಪೆಟ್ಟಿಗೆಯೊಳಗಿನ ಬೊಂಬೆಗೆ ದೀಪ ಹತ್ತಿ ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಇಂಗ್ಲಿಷ್ ಮನೆಯ ಕೂಸುಗಳಲ್ಲಿ ಹೆಚ್ಚಿನವು ಸರಿಯಾಗಿ ತಿರುಗಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ತಿರುಗುವವು ಬೆರಳೆಣಿಕೆಯಷ್ಟು. ಹಿಂದಿ ಮನೆಯ ಕೂಸುಗಳು ಆಗಲೂ ತಿರುಗುತ್ತಿದ್ದವು.

ಅಂದರೆ ಹುಟ್ಟುವ ಮಗುವಿನ ಕಿವಿ ಲೋಕದ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ. ಹೆಜ್ಜೆ ಇಡುವ ಮೊದಲೇ ಅದು ಮನೆಯ ಮಾತಿಗೆ ಬೇಕಾದ ಭೇದಗಳನ್ನು ಗಟ್ಟಿ ಮಾಡಿಕೊಂಡು ಉಳಿದವನ್ನು ಸಡಿಲ ಬಿಡುತ್ತದೆ. ಇದನ್ನು ಕುಂದು ಎಂದು ತಿಳಿಯಬೇಡಿ. ಮಾತಿನ ಹೊಳೆಯಿಂದ ಪದಗಳನ್ನು ಬೇರ್ಪಡಿಸಲು ಮಗು ಕೊಡುವ ಬೆಲೆ ಅದು. 1997ರಲ್ಲಿ ಹೆಲ್ಸಿಂಕಿಯ ರಿಸ್ಟೊ ನಾಟನೆನ್ ಮತ್ತು ಸಂಗಡಿಗರು ಇದರ ಗುರುತನ್ನು ದೊಡ್ಡವರ ಮಿದುಳಿನಲ್ಲೇ ಹಿಡಿದರು. ಫಿನ್ನಿಶ್ ಮತ್ತು ಎಸ್ಟೋನಿಯನ್ ನಮ್ಮ ಕನ್ನಡ ತೆಲುಗಿನಂತೆ ದಾಯಾದಿ ಭಾಷೆಗಳು. ಎಸ್ಟೋನಿಯನ್‌ನಲ್ಲಿರುವ ಒಂದು ಸ್ವರ ಫಿನ್ನಿಶ್‌ನಲ್ಲಿಲ್ಲ. ಒಂದೇ ಸ್ವರವನ್ನು ಮತ್ತೆ ಮತ್ತೆ ಕೇಳಿಸುತ್ತಾ ನಡುವೆ ಆ ಸ್ವರವನ್ನು ತೂರಿಸಿದರೆ, ಕೇಳುವವರು ಬೇರೇನನ್ನೋ ನೋಡುತ್ತಾ ಕುಳಿತಿದ್ದರೂ, ಸೆಕೆಂಡಿನ ಐದನೇ ಒಂದು ಭಾಗದೊಳಗೆ ಮಿದುಳಿನ ವಿದ್ಯುತ್ತಿನಲ್ಲಿ ಒಂದು ಏರುಪೇರು ಕಾಣುತ್ತದೆ. ಸ್ವರ ತಮ್ಮ ಭಾಷೆಯದಾದವರಲ್ಲಿ ಅದು ಎದ್ದು ಕಂಡಿತು, ಅಲ್ಲದವರಲ್ಲಿ ಸಣ್ಣದಾಗಿತ್ತು. ಗಮನ ಕೊಡುವುದು ಬಿಡುವುದು ನಮ್ಮ ಇಚ್ಛೆಗೆ ಬರುವ ಮೊದಲೇ ಮನೆಮಾತು ತೀರ್ಪು ಕೊಟ್ಟಾಗಿರುತ್ತದೆ.

ಹಿಂದಿಯಲ್ಲಿ ಳಕಾರ ಇಲ್ಲ, ಬಂಗಾಳಿಯಲ್ಲೂ ಇಲ್ಲ. ಮರಾಠಿ, ಗುಜರಾತಿ, ಒಡಿಯಾದವರಿಗೆ ಇದೆ, ತೆಲುಗು ತಮಿಳಿನವರಿಗೆ ಇದ್ದೇ ಇದೆ. ನನ್ನ ಪಕ್ಕ ಕುಳಿತ ಹುಡುಗ ಹೇಳಿದ್ದು ತನಗೆ ಕೇಳಿಸಿದ್ದನ್ನು. ಧ್ವನಿವರ್ಧಕ ಹಳ್ಳಿ ಎಂದಾಗ ಅವನ ಮಿದುಳಿಗೆ ತಲುಪಿದ್ದೇ ಹಲ್ಲಿ. ಆದರೆ ಅಲ್ಲಿಗೇ ಬಿಟ್ಟು ಅವನನ್ನು ಕಲಿಕೆಯಿಂದ ಬಿಡುಗಡೆ ಮಾಡುವುದಕ್ಕೂ ನಾನು ಒಪ್ಪುವವಳಲ್ಲ. ಜಪಾನಿಯರಿಗೆ ಇಂಗ್ಲಿಷಿನ ರಕಾರ ಲಕಾರಗಳು ಒಂದೇ ಆಗಿ ಕೇಳಿಸುತ್ತವೆ ಎಂಬುದು ನಿಮಗೆ ಗೊತ್ತು. 1990ರ ದಶಕದಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಡೇವಿಡ್ ಪಿಸೋನಿಯವರ ತಂಡ ದೊಡ್ಡವರಾದ ಜಪಾನಿಯರಿಗೆ ಆ ಭೇದವನ್ನು ಕೆಲವು ವಾರಗಳ ಅಭ್ಯಾಸದಲ್ಲಿ ಕಲಿಸಿತು. ಒಂದೇ ಗುರುವಿನ ದನಿಯಲ್ಲಿ ಕಲಿತವರು ಹೊಸ ದನಿ ಕೇಳಿದಾಗ ತಡವರಿಸಿದರು. ಹಲವರ ಬಾಯಿಂದ ಕೇಳಿ ಕಲಿತವರು ಹೊಸಬರ ಮಾತಿನಲ್ಲೂ ಭೇದ ಹಿಡಿದರು. ಕನ್ನಡ ಕಲಿಸಲು ಒಂದು ಆ್ಯಪ್ ಇದ್ದರೆ ಸಾಕು ಎನ್ನುವವರು ಇದನ್ನು ಕೇಳಿಸಿಕೊಳ್ಳಬೇಕು. ಹಾಲಿನವರು, ತರಕಾರಿಯವರು, ಸೆಕ್ಯೂರಿಟಿಯವರು, ಪಕ್ಕದ ಮನೆ ಅಜ್ಜಿ, ಇವರೆಲ್ಲರ ಬಾಯಿಂದ ‘ಹಳ್ಳಿ’ ಬೀಳಬೇಕು ಆ ಹುಡುಗನ ಕಿವಿಗೆ. ನಾವು ಅವನೊಡನೆ ತಕ್ಷಣ ಹಿಂದಿಗೋ ಇಂಗ್ಲಿಷಿಗೋ ಹೊರಳಿಕೊಂಡರೆ ಅದು ಬೀಳುವುದು ಹೇಗೆ?

ಯಂತ್ರದಿಂದ ಭಾಷೆ ಬಾರದು ಎನ್ನುವುದಕ್ಕೆ ಇನ್ನೂ ಬಲವಾದ ಸಾಕ್ಷಿ ಕೂಸುಗಳದ್ದೇ. 2003ರಲ್ಲಿ ಸಿಯಾಟಲ್‌ನಲ್ಲಿ ಪೆಟ್ರಿಶಿಯಾ ಕೂಲ್ ಅವರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಒಂದು ಗುಂಪಿಗೆ ಚೀನೀ ಮಾತಾಡುವವರಿಂದ 12 ಸಲ ಆಟವಾಡಿಸಿ ಕತೆ ಹೇಳಿಸಿದರು. ಆ ಕೂಸುಗಳು ಚೀನೀ ಧ್ವನಿಭೇದಗಳನ್ನು ತೈವಾನಿನ ಕೂಸುಗಳಂತೆಯೇ ಹಿಡಿದವು. ಇನ್ನೊಂದು ಗುಂಪಿಗೆ ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಆ ಗುಂಪು ಏನೂ ಕಲಿಯಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, ಕೂಸು ನಕ್ಕಾಗ ನಕ್ಕು, ಅದು ಬೆರಳು ತೋರಿಸಿದ ಕಡೆ ನೋಡುವ ಮನುಷ್ಯರು ಎದುರಿಗಿದ್ದಾಗಲೇ ಮಿದುಳು ಧ್ವನಿಯನ್ನು ಭಾಷೆಯಾಗಿ ಸ್ವೀಕರಿಸುತ್ತದೆ. ಈ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಊಟ ಮಾಡಿಸಲು ಮಗುವಿನ ಮುಂದೆ ಫೋನ್ ನಿಲ್ಲಿಸುವ ತಂದೆತಾಯಿಗಳ ಕಷ್ಟ ನನಗೆ ಗೊತ್ತು. ಇಬ್ಬರೂ ದುಡಿಯುವವರು, ಮನೆಯಲ್ಲಿ ಹಿರಿಯರಿಲ್ಲ. ಬಯ್ಯಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಆ ಫೋನು ಮಗುವಿಗೆ ಹಾಡನ್ನು ಕೊಡುತ್ತದೆ, ಮಾತನ್ನು ಕೊಡುವುದು ಮನೆಗೆಲಸಕ್ಕೆ ಬರುವ ಆ ಹೆಂಗಸು. ಅವರ ಕನ್ನಡವೋ ತೆಲುಗೋ ತಮಿಳೋ ‘ಶುದ್ಧ’ವಲ್ಲ ಎಂದು ಮಗುವಿನೊಡನೆ ಮಾತಾಡಬೇಡಿ ಎನ್ನುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಕಹಿಯಾದ ಒಂದು ಸಂಗತಿ. 2007ರಲ್ಲಿ ಕ್ಯಾಥರಿನ್ ಕಿನ್ಜ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಹತ್ತು ತಿಂಗಳ ಕೂಸುಗಳ ಎದುರು ಇಬ್ಬರು ಆಟಿಕೆ ಚಾಚಿದರು. ಒಬ್ಬರು ಅದಕ್ಕೆ ಮೊದಲು ಕೂಸಿನ ಮನೆಮಾತಿನಲ್ಲಿ ಮಾತಾಡಿದ್ದವರು, ಇನ್ನೊಬ್ಬರು ಬೇರೆ ಭಾಷೆಯಲ್ಲಿ. ಕೂಸುಗಳು ಮನೆಮಾತಿನವರ ಕೈಯಿಂದಲೇ ಹೆಚ್ಚಾಗಿ ತೆಗೆದುಕೊಂಡವು. ಐದು ವರ್ಷದ ಮಕ್ಕಳನ್ನು ಯಾರ ಜೊತೆ ಗೆಳೆತನ ಮಾಡುತ್ತೀ ಎಂದು ಕೇಳಿದರೆ ತಮ್ಮಂತೆ ಉಚ್ಚರಿಸುವ ಮಗುವನ್ನೇ ತೋರಿಸಿದರು. ನಮ್ಮವರು, ಹೊರಗಿನವರು ಎಂಬ ಗೆರೆ ಎಷ್ಟು ಎಳೆಯ ವಯಸ್ಸಿನಲ್ಲಿ, ಎಷ್ಟರಮಟ್ಟಿಗೆ ಕಿವಿಯಿಂದಲೇ ಬೀಳುತ್ತದೆ ನೋಡಿ. ಮೆಟ್ರೋದಲ್ಲಿ ಆ ಹೆಂಗಸಿಗೆ ಬಂದ ನಗು, ಅವರ ಜೊತೆಯವರಿಗೆ ಬಂದ ಸಿಟ್ಟು ಎರಡೂ ಅಲ್ಲಿಂದ ಬಂದವು.

ಇದನ್ನು ಓದಿ ನಾನು ಕೆಲವು ದಿನ ಮಂಕಾಗಿದ್ದೆ. ಆಮೇಲೆ 2015ರ ಇನ್ನೊಂದು ಅಧ್ಯಯನ ಸಿಕ್ಕಿತು. ಶಿಕಾಗೋದಲ್ಲಿ ಅದೇ ಕಿನ್ಜ್ಲರ್ ಇದ್ದ ತಂಡದ್ದು. ನಾಲ್ಕರಿಂದ ಆರು ವರ್ಷದ ಮಗು ಮೇಜಿನ ಒಂದು ಬದಿಗೆ, ದೊಡ್ಡವರೊಬ್ಬರು ಇನ್ನೊಂದು ಬದಿಗೆ. ನಡುವೆ ಚೌಕಚೌಕದ ಗೂಡು. ಅದರಲ್ಲಿ ದೊಡ್ಡದು, ನಡುವಣದು, ಚಿಕ್ಕದು ಎಂದು ಮೂರು ಆಟದ ಕಾರು. ಅತಿ ಚಿಕ್ಕ ಕಾರು ಇರುವ ಗೂಡು ದೊಡ್ಡವರ ಕಡೆಯಿಂದ ಮುಚ್ಚಿದೆ. ಅವರು ‘ಚಿಕ್ಕ ಕಾರು ಕೊಡು’ ಎಂದಾಗ ಮಗು ಅವರ ಜಾಗದಲ್ಲಿ ನಿಂತು ಯೋಚಿಸಿದರೆ ನಡುವಣದನ್ನು ಕೊಡಬೇಕು. ಒಂದೇ ಭಾಷೆ ಕೇಳಿ ಬೆಳೆದ ಮಕ್ಕಳು ಸುಮಾರು ಅರ್ಧದಷ್ಟು ಸಲ ಸರಿ ಮಾಡಿದರು. ಎರಡು ಭಾಷೆ ಆಡುವ ಮಕ್ಕಳು ಮುಕ್ಕಾಲು ಪಾಲಿನಷ್ಟು ಸಲ. ನನ್ನ ಮನಸ್ಸನ್ನು ಎತ್ತಿ ಹಿಡಿದದ್ದು ಮೂರನೆಯ ಗುಂಪು. ಇವರು ಆಡುವುದು ಒಂದೇ ಭಾಷೆ, ಆದರೆ ಅಜ್ಜಿಯಿಂದಲೋ ನೆರೆಮನೆಯಿಂದಲೋ ಬೇರೆ ಭಾಷೆ ಕಿವಿಗೆ ಬೀಳುತ್ತಾ ಬೆಳೆದವರು. ಅವರೂ ಎರಡು ಭಾಷೆಯವರಷ್ಟೇ ಚೆನ್ನಾಗಿ ಮಾಡಿದರು. ಯಾರು ಯಾರೊಡನೆ ಯಾವ ಭಾಷೆ ಆಡುತ್ತಾರೆ, ಯಾರಿಗೆ ಯಾವುದು ಅರ್ಥವಾಗುತ್ತದೆ ಎಂದು ದಿನವೂ ಗಮನಿಸುವ ಮಗುವಿಗೆ ಬೇರೆಯವರ ಕಣ್ಣಿಂದ ನೋಡುವುದು ರೂಢಿಯಾಗುತ್ತದೆ.

ಗರುಡಾಚಾರ್‌ಪಾಳ್ಯದ ಯಾವ ಮಗು ಈ ಮೂರನೆಯ ಗುಂಪಿಗೆ ಸೇರುವುದಿಲ್ಲ ಹೇಳಿ. ಹಳೆಯ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಅತ್ತ ತಮಿಳು, ಅಂಗಡಿಯಲ್ಲಿ ದಖನಿ, ಈಗ ಹಿಂದಿ, ಒಡಿಯಾ, ಬಂಗಾಳಿ. ನಾನು ಚಿಕ್ಕವಳಿದ್ದಾಗ ಈ ಕಡೆ ರಾಗಿ ಹೊಲಗಳ ನಡುವೆ ನಡೆದು ನೆಂಟರ ಮನೆಗೆ ಬರುತ್ತಿದ್ದೆವು. ಆಗ ನನಗೆ ವಿಚಿತ್ರವಾಗಿ ಕಂಡದ್ದು ತೆಲುಗಿನ ಎರಡು ‘ನಾವು’. ಕೇಳುವವರೂ ಸೇರಿದ ನಾವು ‘ಮನಂ’, ಅವರನ್ನು ಬಿಟ್ಟ ನಾವು ‘ಮೇಮು’. ತಮಿಳಿನಲ್ಲೂ ಹಾಗೆಯೇ, ‘ನಾಮ್’ ಮತ್ತು ‘ನಾಂಗಳ್’. ಕನ್ನಡದಲ್ಲಿ ಎರಡಕ್ಕೂ ಒಂದೇ ನಾವು. ‘ಮೇಮು ಜಾತ್ರೆಗೆ ಹೋಗ್ತೀವಿ’ ಎಂಬಂಥ ಮಾತು ಬಿದ್ದಾಗ ನನ್ನನ್ನು ಕರೆದೊಯ್ಯುವುದಿಲ್ಲ ಎಂದು ಗೊತ್ತಾಗಿ ಅಳು ಬಂದದ್ದು ನೆನಪಿದೆ. ಬಾಯಿ ತೆರೆಯುವ ಮೊದಲೇ ಎದುರಿನವರು ಒಳಗೋ ಹೊರಗೋ ಎಂದು ತೆಲುಗಿನವರು ನಿರ್ಧರಿಸಿರಬೇಕು. ಕನ್ನಡದವರು ನೀನೋ ನೀವೋ, ಬಾ ಎನ್ನಬೇಕೋ ಬನ್ನಿ ಎನ್ನಬೇಕೋ ನಿರ್ಧರಿಸಿರಬೇಕು. ‘ಬಂದ’ ಎಂದರೆ ನಾನು ಕಂಡದ್ದು, ‘ಬಂದನಂತೆ’ ಎಂದರೆ ಇನ್ನೊಬ್ಬರು ಹೇಳಿದ್ದು. ಎರಡಕ್ಷರದಲ್ಲಿ ತಿಳಿವಿನ ಮೂಲವನ್ನೂ ಅದರ ಹೊಣೆಯನ್ನೂ ಬೇರೆ ಮಾಡಿಬಿಡುತ್ತೇವೆ. ಬಲಗಿವಿಯ ಮೇಲೆ ತುಸು ಹಿಂದಕ್ಕೆ, ಬೇರೆಯವರು ಏನು ನಂಬಿದ್ದಾರೆ ಎಂದು ಯೋಚಿಸುವಾಗ ಚುರುಕಾಗುವ ಒಂದು ಭಾಗವನ್ನು 2003ರಲ್ಲಿ ರೆಬೆಕ್ಕಾ ಸ್ಯಾಕ್ಸ್ ಮತ್ತು ನ್ಯಾನ್ಸಿ ಕಾನ್‌ವಿಶರ್ ವರದಿ ಮಾಡಿದರು. ‘ಅಂತೆ’ ಎನ್ನದೆ ಒಂದು ಗಂಟೆಯೂ ಕಳೆಯದ ನಮ್ಮ ಜಗಲಿ ಮಾತು ಆ ಭಾಗಕ್ಕೆ ಒಳ್ಳೆಯ ಗರಡಿ ಎಂದು ನನ್ನ ನಂಬಿಕೆ.

ವ್ಯಾಕರಣದ ಮಾತು ಬಂದದ್ದರಿಂದ ಕನ್ನಡದ ಮಕ್ಕಳೇ ಲೋಕದ ಭಾಷಾವಿಜ್ಞಾನಕ್ಕೆ ಪಾಠ ಕಲಿಸಿದ ಒಂದು ಪ್ರಸಂಗ ಹೇಳಿಬಿಡುತ್ತೇನೆ. ‘ನಾನು ಎರಡು ಪುಸ್ತಕ ಓದಲಿಲ್ಲ’ ಎಂಬ ವಾಕ್ಯ ತೆಗೆದುಕೊಳ್ಳಿ. ಎರಡು ಅರ್ಥವಿದೆ. ಎರಡು ಓದಿ ಮುಗಿಸಲಿಲ್ಲ, ಒಂದೇ ಆಯಿತು ಎಂಬುದು ಒಂದು. ಇಂಥ ಎರಡು ಪುಸ್ತಕ ಓದದೆ ಉಳಿದವು ಎಂಬುದು ಇನ್ನೊಂದು. ಇಂಗ್ಲಿಷ್ ಆಡುವ ನಾಲ್ಕು ವರ್ಷದ ಮಕ್ಕಳು ಇಂಥ ವಾಕ್ಯಕ್ಕೆ ಮೊದಲ ಅರ್ಥವನ್ನೇ ಹಚ್ಚುತ್ತಾರೆ. ಇಂಗ್ಲಿಷಿನಲ್ಲಿ ‘ಇಲ್ಲ’ ಮೊದಲು ಬರುತ್ತದೆ, ‘ಎರಡು’ ಆಮೇಲೆ. ಹಾಗಾದರೆ ಮಕ್ಕಳು ಪದಗಳ ಸಾಲನ್ನು ನೋಡಿ ಅರ್ಥ ಮಾಡುತ್ತಾರೋ, ಕಣ್ಣಿಗೆ ಕಾಣದ ಒಳಗಟ್ಟನ್ನು ನೋಡಿ ಮಾಡುತ್ತಾರೋ? ಇಂಗ್ಲಿಷಿನಲ್ಲಿ ಎರಡೂ ಒಂದೇ ಕಡೆ ಬೊಟ್ಟು ಮಾಡುವುದರಿಂದ ತೀರ್ಮಾನ ಮಾಡುವಂತಿಲ್ಲ. ಕನ್ನಡದಲ್ಲಿ ‘ಎರಡು’ ಮೊದಲು, ‘ಇಲ್ಲ’ ಕೊನೆಗೆ. ಆದರೂ ಆ ಕೊನೆಯ ‘ಇಲ್ಲ’ ಇಡೀ ವಾಕ್ಯವನ್ನು ಸೆರಗಿನಂತೆ ಹೊದ್ದಿಸುತ್ತದೆ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡದ ನಾಲ್ಕು ವರ್ಷದ ಮಕ್ಕಳೂ ಮೊದಲ ಅರ್ಥವನ್ನೇ ಹಿಡಿದರು. ಸಾಲು ತಿರುವುಮುರುವಾಗಿದ್ದರೂ ಅರ್ಥ ತಿರುವುಮುರುವಾಗಲಿಲ್ಲ. ಅಂಗನವಾಡಿಯ ಮಗು ವಾಕ್ಯವನ್ನು ಮಣಿಸರದಂತೆ ಪೋಣಿಸುವುದಿಲ್ಲ, ಮನೆಯಂತೆ ಅಂತಸ್ತಂತಸ್ತಾಗಿ ಕಟ್ಟುತ್ತದೆ.

ಆ ಅಂತಸ್ತುಗಳು ಮಿದುಳಿನ ಮಿಡಿತದಲ್ಲೇ ಕಾಣುತ್ತವೆ ಎಂದು 2016ರಲ್ಲಿ ನೈ ಡಿಂಗ್ ಮತ್ತು ಡೇವಿಡ್ ಪಪ್ಪೆಲ್ ಅವರ ತಂಡ ತೋರಿಸಿತು. ಸೆಕೆಂಡಿಗೆ ನಾಲ್ಕು ಉಚ್ಚಾರಾಂಶಗಳನ್ನು ಏರಿಳಿತವಿಲ್ಲದೆ ಕೇಳಿಸಿದರೆ, ಭಾಷೆ ಬಲ್ಲವರ ಮಿದುಳು ಉಚ್ಚಾರಾಂಶಕ್ಕೊಮ್ಮೆ ಮಾತ್ರವಲ್ಲದೆ ಪದಪುಂಜಕ್ಕೊಮ್ಮೆ, ವಾಕ್ಯಕ್ಕೊಮ್ಮೆ ಕೂಡ ಮಿಡಿಯುತ್ತದೆ. ಧ್ವನಿಯಲ್ಲಿ ಆ ಗಡಿಗಳಿಲ್ಲ. ಕೇಳುವವರು ಹಾಕಿಕೊಳ್ಳುವ ತಾಳ ಅದು.

ಓದಿನ ವಿಷಯದಲ್ಲಿ ಶಿಕ್ಷಕರಿಗೆ ಒಂದು ಮಾತು. ವರ್ಣಮಾಲೆಯ 49 ಅಕ್ಷರ ಕಲಿತರೆ ಕನ್ನಡ ಬಂತು ಎಂದು ನಾವು ಹೇಳುತ್ತೇವೆ. ಕಾಗುಣಿತ ಹಿಡಿದರೆ ಮಗು ಗುರುತಿಸಬೇಕಾದ ಆಕಾರಗಳು ನಾನೂರು ದಾಟುತ್ತವೆ, ಒತ್ತಕ್ಷರ ಬೇರೆ. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಕಾಶ್ ಪಡಕಣ್ಣಾಯ ಅವರು ಕನ್ನಡ ಓದುವ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಈ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ನಾಗ್ ಅವರ 2007ರ ಅಧ್ಯಯನ ಹೇಳುತ್ತದೆ. ಪದವನ್ನು ‘ಕ-ಮ-ಲ’ ಎಂದು ಒಡೆಯುವುದು ನಮ್ಮ ಮಕ್ಕಳಿಗೆ ಸಲೀಸು, ‘ಕ್-ಅ-ಮ್-ಅ-ಲ್-ಅ’ ಎಂದು ಒಡೆಯುವುದು ತಡವಾಗಿ ಬರುತ್ತದೆ. ದೊಡ್ಡವರಿಗೆ ತಿಳಿಯದಂತೆ ಮಾತಾಡಲು ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಆಡುವ ನಮ್ಮ ಬಾಲ್ಯದ ‘ಕ’ ಭಾಷೆಯೂ ಇದನ್ನೇ ಹೇಳುತ್ತಿತ್ತು. ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗುವನ್ನು ದಡ್ಡ ಎನ್ನುವ ಮುಂಚೆ ಇದು ನೆನಪಿರಲಿ. ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಪಿ. ಅರುಣ್ ಅವರ ತಂಡ 2019ರಲ್ಲಿ ತೆಲುಗು ಓದುವವರನ್ನೂ ಮಲಯಾಳಂ ಓದುವವರನ್ನೂ ಹೋಲಿಸಿತು. ಲಿಪಿ ಕಲಿತವರ ಕಣ್ಣಿಗೆ ಅಕ್ಷರಗಳು ಒಂದರೊಳಗೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಉಳಿದು ಪದವಾಗಿ ಕೂಡುತ್ತವೆ. ಓದು ಕಲಿತ ಮೇಲೆ ನೋಟವೇ ಬೇರೆಯಾಗುತ್ತದೆ.

ಈಗ ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ ಭಾಗಕ್ಕೆ ಬರುತ್ತೇನೆ.

ನಮ್ಮ ಸೋದರತ್ತೆ ಹಾಲು ಮಾರಿ ಮಕ್ಕಳನ್ನು ಸಾಕಿದವರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ತಮಿಳಿನವರ ಬಾಗಿಲಲ್ಲಿ ತಮಿಳು. ತೆಲುಗಿನ ‘ಪಾಲು’ ಕುಡಿಯುವ ಹಾಲು, ಕನ್ನಡದ ‘ಪಾಲು’ ಅಣ್ಣತಮ್ಮಂದಿರು ಹಂಚಿಕೊಳ್ಳುವ ಆಸ್ತಿ. ಅತ್ತೆ ಒಂದು ದಿನವೂ ತಪ್ಪಿದವರಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ ಸಣ್ಣದಾಗಿ ಲಕ್ವ ಹೊಡೆಯಿತು. ಗುಣವಾದ ಮೇಲೆ ಮರೆವು ಹೆಚ್ಚಾಗಿದೆ ಎಂದು ಮಗ ಒಂದು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಪ್ರಶ್ನೆಗಳೆಲ್ಲ ಇಂಗ್ಲಿಷಿನ ಹಾಳೆಯಿಂದ ಬಂದವು. ಇವತ್ತು ತಾರೀಖೆಷ್ಟು? ಅತ್ತೆಗೆ ತಾರೀಖು ಎಂದೂ ಬೇಕಾಗಿರಲಿಲ್ಲ. ಯಾವ ತಿಂಗಳು? ‘ಶ್ರಾವಣ ಮುಗೀತಾ ಬಂತಲ್ಲಪ್ಪ, ನಾಡಿದ್ದು ಅಮಾವಾಸ್ಯೆ’ ಅಂದರು. ತಪ್ಪು ಎಂದು ಗುರುತು ಹಾಕಿದರು. ಒಂದು ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿ ಎಂದರು. ಸಹಿಯನ್ನೂ ಹಾಕಲು ಬಾರದ ಹೆಂಗಸಿಗೆ! ಚೀಟಿಯಲ್ಲಿ ಡಿಮೆನ್ಷಿಯಾ ಎಂದು ಬರೆದು ಕಳಿಸಿದರು. ‘ಅರವತ್ತಕ್ಕೆ ಅರಳುಮರಳು, ಇವರಿಗೆ ಎಪ್ಪತ್ತಕ್ಕೆ ಬಂದಿದೆ’ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು. ಆಮೇಲೆ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ, ಅವರೊಡನೆ ಮಾತೂ ಕಡಿಮೆಯಾಯಿತು. ಎಂಟು ತಿಂಗಳ ನಂತರ ಬೇರೊಬ್ಬ ವೈದ್ಯೆ ಕನ್ನಡದಲ್ಲಿ, ಸಿಕ್ಕಿಕೊಂಡಲ್ಲಿ ತೆಲುಗಿನಲ್ಲಿ, ಒಂದು ಗಂಟೆ ಕೂತು ಪರೀಕ್ಷೆ ಮಾಡಿದರು. ಅತ್ತೆಗೆ ಪದಗಳು ತಡವಾಗಿ ಸಿಗುತ್ತಿದ್ದವು, ಅಷ್ಟೇ. ಲೆಕ್ಕ, ನೆನಪು, ದಾರಿ, ಎಲ್ಲ ನೆಟ್ಟಗಿತ್ತು. ಆ ಎಂಟು ತಿಂಗಳ ಮೌನವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅತ್ತೆಯಂಥವರ ಮಿದುಳಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಗೊತ್ತೇ? ಕೆನಡಾದ ಟೊರಾಂಟೋದಲ್ಲಿ 2007ರಲ್ಲಿ ಎಲೆನ್ ಬಿಯಾಲಿಸ್ಟಾಕ್ ಅವರ ತಂಡ 184 ರೋಗಿಗಳನ್ನು ನೋಡಿ, ಎರಡು ಭಾಷೆಯವರಲ್ಲಿ ಮರೆವಿನ ಕಾಯಿಲೆ ನಾಲ್ಕು ವರ್ಷ ತಡವಾಗಿ ತೋರುತ್ತದೆ ಎಂದಿತು. ಅಲ್ಲಿ ಎರಡು ಭಾಷೆಯವರು ಬಹುಪಾಲು ವಲಸೆ ಬಂದವರು. ವಲಸೆ ಬರುವವರೇ ಗಟ್ಟಿಗರಿರಬಹುದಲ್ಲ ಎಂಬ ಆಕ್ಷೇಪ ಬಂತು, ಅದು ನ್ಯಾಯವಾದದ್ದೇ. ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. ಆಗ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿದ್ದು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ 648 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆಯವರು. ಇಲ್ಲಿ ಎರಡು ಭಾಷೆ ಎಂದರೆ ವಲಸೆಯಲ್ಲ, ಬೀದಿ. ಆ 391 ಮಂದಿಯಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ಆದ್ದರಿಂದ ಇದು ಶಾಲೆಯ ಫಲವನ್ನು ಭಾಷೆಯ ಹೆಸರಿಗೆ ಜಮಾ ಮಾಡಿದ್ದಲ್ಲ. ಎರಡರ ಮೇಲೆ ಮೂರು, ನಾಲ್ಕು ಭಾಷೆ ಬಂದರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ ಎಂಬುದನ್ನೂ ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ.

2016ರಲ್ಲಿ ಅದೇ ತಂಡ ಲಕ್ವ ಹೊಡೆದ 608 ಮಂದಿಯನ್ನು ನೋಡಿತು. ಆಮೇಲೆ ಬುದ್ಧಿ ಚೆನ್ನಾಗಿ ಉಳಿದವರು ಒಂದೇ ಭಾಷೆಯವರಲ್ಲಿ ಶೇ. 19.6, ಎರಡು ಭಾಷೆಯವರಲ್ಲಿ ಶೇ. 40.5. ಮಾತು ಕಳೆದುಕೊಂಡವರ ಪ್ರಮಾಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇದು ಅರ್ಥವಾಗುವಂಥದ್ದೇ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ. ಅತ್ತೆ ಕನ್ನಡದವರ ಬಾಗಿಲಲ್ಲಿ ‘ಹಾಲು’ ಎನ್ನುವಾಗ ತೆಲುಗಿನ ‘ಪಾಲು’ ನಾಲಿಗೆ ತುದಿಗೆ ಬಂದೇ ಇರುತ್ತದೆ, ಅದನ್ನು ತಡೆದು ಇದನ್ನು ಬಿಡಬೇಕು. ಈ ತಡೆಹಿಡಿಯುವ ಕೆಲಸ ಮಾಡುವುದು ಮಿದುಳಿನ ಮುಂಭಾಗ ಮತ್ತು ಆಳದ ಕೆಲವು ಗಂಟುಗಳು. ಗಮನ ಕೊಡುವುದು, ಯೋಜನೆ ಹಾಕುವುದು, ಸಿಟ್ಟು ನುಂಗುವುದು ಇವಕ್ಕೂ ಬೇಕಾದವು ಅವೇ. ಆ ಭಾಗಗಳಿಗೆ ಅತ್ತೆ ಐವತ್ತು ವರ್ಷ ಬೆಳಗ್ಗೆ ಸಂಜೆ ಸಾಧನೆ ಮಾಡಿಸಿದ್ದರು.

ಬೆಂಗಳೂರಿನಲ್ಲೇ 60 ದಾಟಿದ 1,234 ಜನರನ್ನು ನೋಡಿದ, 2024ರಲ್ಲಿ ಪ್ರಕಟವಾದ ಅಧ್ಯಯನವೂ ಒಂದೇ ಭಾಷೆಯವರಲ್ಲಿ ಡಿಮೆನ್ಷಿಯಾ ಶೇ. 4.9, ಎರಡು ಭಾಷೆಯವರಲ್ಲಿ ಶೇ. 0.4 ಎಂದು ವರದಿ ಮಾಡಿತು. ಬೇರೆ ದೇಶಗಳ ಕೆಲವು ದೀರ್ಘ ಅಧ್ಯಯನಗಳಲ್ಲಿ ಈ ಲಾಭ ಕಾಣಿಸಿಲ್ಲ ಎಂಬುದನ್ನು ಮುಚ್ಚಿಡಬಾರದು. ಭಾಷೆಯೊಂದನ್ನು ಮಾತ್ರೆಯಂತೆ ನುಂಗಿದರೆ ಮರೆವು ಬಾರದು ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಮಿದುಳಿನ ಬಣ್ಣಬಣ್ಣದ ಚಿತ್ರ ತೋರಿಸಿ ಏನನ್ನಾದರೂ ಸಾಬೀತು ಮಾಡುವವರನ್ನೂ ನಂಬಬೇಡಿ. 2009ರಲ್ಲಿ ಕ್ರೇಗ್ ಬೆನೆಟ್ ಎಂಬವರು ಸತ್ತ ಮೀನನ್ನು ಸ್ಕ್ಯಾನ್ ಯಂತ್ರದೊಳಗಿಟ್ಟು, ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಅದರ ಮಿದುಳೂ ಯೋಚಿಸುವಂತೆ ಕಾಣುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ.

ನನ್ನ ತೀರ್ಮಾನ ಇಷ್ಟು: ಈ ವಿಷಯದಲ್ಲಿ ಪಶ್ಚಿಮದ ಪ್ರಯೋಗಾಲಯಗಳಿಗಿಂತ ನಮ್ಮ ಬೀದಿಗಳಲ್ಲಿ ಹೆಚ್ಚು ಸಾಕ್ಷಿಯಿದೆ, ಅದನ್ನು ದಾಖಲಿಸುವ ಕೆಲಸ ಈಗ ನಡೆಯುತ್ತಿದೆ. ಹಳೇ ಮದ್ರಾಸ್ ರಸ್ತೆಯಲ್ಲಿ ಮುಂದಕ್ಕೆ ಹೋಗಿ ಕೋಲಾರ ದಾಟಿದರೆ ಶ್ರೀನಿವಾಸಪುರ. ಮಾವಿನ ಊರು, ಕನ್ನಡ ತೆಲುಗು ಎರಡನ್ನೂ ಆಡುವ ಊರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂಗಳಲ್ಲಿ ನೆನಪು, ಮಾತು, ಗಮನಗಳ ಪರೀಕ್ಷೆಗಳೂ ಸಿದ್ಧವಾಗಿವೆ. ನಮ್ಮ ಅತ್ತೆಯ ಕಾಲಕ್ಕೆ ಇವು ಕೈಗೆ ಸಿಕ್ಕಿರಲಿಲ್ಲ. ನಿಮ್ಮ ಅತ್ತೆ, ಅಜ್ಜಿ, ಅಪ್ಪಂದಿರಿಗೆ ಸಿಗುತ್ತವೆ, ಕೇಳಿ ಪಡೆಯಬೇಕು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ತಟ್ಟನೆ ಮಾತು ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ, ಕೈಯಲ್ಲಿ ಬಲ ತಪ್ಪಿದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಗಟ್ಟಿಯಾದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಕೆಲಸಕ್ಕೆ ಬರುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಆಮೇಲೆ ಮಾತು ಮರಳಿಸುವ ಚಿಕಿತ್ಸೆಗೆ ಹೋದಾಗ, ಮರೆವಿನ ಪರೀಕ್ಷೆಗೆ ಹೋದಾಗ, ಅವರು ಚಿಕ್ಕಂದಿನಿಂದ ಯಾವ ಯಾವ ಭಾಷೆ ಆಡಿದವರು, ಯಾರೊಡನೆ ಯಾವುದು ಆಡುತ್ತಿದ್ದರು ಎಂದು ನೀವೇ ಮೊದಲು ಹೇಳಿ. ಚೀಟಿಯಲ್ಲಿ ವಯಸ್ಸಿನ ಪಕ್ಕದಲ್ಲಿ ಮನೆಮಾತನ್ನೂ ಬರೆಯಿಸಿ. ಬರೆಯಲು ಜಾಗವಿಲ್ಲ ಎಂದರೆ ಹಾಳೆಯ ಅಂಚಿನಲ್ಲಾದರೂ ಬರೆಯಿರಿ ಎಂದು ಅಲ್ಲೇ ನಿಂತು ಕೇಳಿ.